ಭರವಸೆ ಯಾರಲ್ಲಿ, ನಿರೀಕ್ಷೆ ಯಾವುದಕ್ಕೆ?

(ಕಾರ್ಯಕರ್ತರ ವಾರ್ಷಿಕ ಧ್ಯಾನಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ಸಲದ ಧ್ಯಾನಕೂಟಕ್ಕೆ ವಿಷಯ ಆರಿಸಿದ್ದು ನಾನಲ್ಲ, ನಿಮ್ಮಲ್ಲೇ ಒಬ್ಬರು. ಹೆಸರು ಹೇಳುವುದಿಲ್ಲ. ಹಿಂದಿನ ಸಭೆಯ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಅವರು ನನ್ನನ್ನು ಕೇಳಿದರು: "ಫಾದರ್, ಜಪ ಮಾಡುವಾಗ ವಿಶ್ವಾಸ, ನಿರೀಕ್ಷೆ, ಪ್ರೀತಿ ಅಂತೀವಿ. ನಮ್ಮನೇಲಿರೋ ದೈವ ಕರುಣೆಯ ಪಟದ ಕೆಳಗೆ ಭರವಸೆ ಅಂತ ಬರೆದಿದೆ. ಪಕ್ಕದ ಮನೆ ಸಿ.ಎಸ್.ಐ. ಅಕ್ಕ ನಂಬಿಕೆ ಅಂತಾರೆ. ಇವೆಲ್ಲಾ ಒಂದೇನಾ, ಬೇರೆ ಬೇರೆನಾ?" ನನ್ನ ಕೈಯಲ್ಲಿ ತಟ್ಟೆ ಇತ್ತು, ಹಿಂದೆ ಉದ್ದ ಸಾಲಿತ್ತು. "ಎಲ್ಲಾ ಒಂದೇ ಅಮ್ಮ" ಅಂತ ಹೇಳಿ, ಸಾರು ಹಾಕಿಸಿಕೊಂಡು ಮುಂದೆ ಹೋದೆ.

ಅದು ಸರಿಯಾದ ಉತ್ತರವಲ್ಲ. ಅದನ್ನು ತಿದ್ದಿಕೊಳ್ಳುವುದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ಇನ್ನೊಂದು ಕಾರಣವೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಭಾಷೆಯನ್ನೇ ನೋಡೋಣ. ಸ್ಟ್ಯಾಂಡಿನಲ್ಲಿ ನಿಂತವರು ಬಸ್ಸನ್ನು ನಿರೀಕ್ಷಿಸುತ್ತಾರೆ. ರೈತ ಮಳೆಯನ್ನು ನಿರೀಕ್ಷಿಸುತ್ತಾನೆ. ಮಕ್ಕಳು ಫಲಿತಾಂಶವನ್ನು ನಿರೀಕ್ಷಿಸುತ್ತಾರೆ. ಅಂದರೆ ನಿರೀಕ್ಷೆಯ ಕಣ್ಣು ಯಾವಾಗಲೂ ಬರಬೇಕಾದ ಒಂದು ಸಂಗತಿಯ ಮೇಲೆ ಇರುತ್ತದೆ. ಆದರೆ ಭರವಸೆ ಅನ್ನುವ ಮಾತು ಬಂದ ಕೂಡಲೇ ನಾವು ಕೇಳುವುದು "ಯಾರ ಮೇಲೆ?" ಅಂತ. ಬಸ್ಸಿನ ಮೇಲೆ ಯಾರೂ ಭರವಸೆ ಇಡುವುದಿಲ್ಲ, ಇಟ್ಟರೆ ಡ್ರೈವರಣ್ಣನ ಮೇಲೆ ಇಡುತ್ತೇವೆ. ಇನ್ನೂ ಒಂದು ವಿಶೇಷ ಗಮನಿಸಿ. ಕನ್ನಡದಲ್ಲಿ ಭರವಸೆಯನ್ನು ಕೊಡುತ್ತಾರೆ, ಇಡುತ್ತಾರೆ. ಒಬ್ಬರು ಭರವಸೆ ಕೊಡುತ್ತಾರೆ, ಇನ್ನೊಬ್ಬರು ಅವರಲ್ಲಿ ಭರವಸೆ ಇಡುತ್ತಾರೆ. ಚುನಾವಣೆ ಬಂದಾಗ ಕೊಡುವವರೇ ಹೆಚ್ಚಾಗಿ, ಇಡುವವರು ಕಡಿಮೆಯಾಗುತ್ತಾರೆ, ಅದು ಬೇರೆ ಮಾತು! ಆದರೆ ಪವಿತ್ರ ಗ್ರಂಥದ ಇಡೀ ಕಥೆಯನ್ನು ಈ ಎರಡು ಕ್ರಿಯಾಪದಗಳಲ್ಲಿ ಹೇಳಿಬಿಡಬಹುದು. ದೇವರು ಅಬ್ರಹಾಮನಿಗೆ ಭರವಸೆ ಕೊಟ್ಟರು. ಅಬ್ರಹಾಮ ದೇವರಲ್ಲಿ ಭರವಸೆ ಇಟ್ಟ. ಇಟ್ಟ ಮೇಲೆ ಮಗನಿಗಾಗಿ ವರ್ಷಗಟ್ಟಲೆ ಕಾಯುತ್ತಾ ನಡೆದನಲ್ಲಾ, ಆ ನಡಿಗೆಯ ಹೆಸರು ನಿರೀಕ್ಷೆ.

ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ನಿರೀಕ್ಷೆಗೆ 'ತಿಕ್ವಾ' ಅನ್ನುತ್ತಾರೆ. ಇದೇ ಶಬ್ದಕ್ಕೆ ಹುರಿ, ಹಗ್ಗ ಎಂಬ ಅರ್ಥವೂ ಇದೆ. ಜೆರಿಕೋ ಪಟ್ಟಣದ ರಾಹಾಬಳು ತನ್ನ ಮನೆಯ ಕಿಟಕಿಗೆ ಕೆಂಪು ಹುರಿ ಕಟ್ಟಿದಳಲ್ಲ, ಯೆಹೋಶುವನ ಗ್ರಂಥದಲ್ಲಿ ಆ ಹುರಿಗೂ ಇದೇ ಶಬ್ದ. ಹಿಬ್ರಿಯರಿಗೆ ಬರೆದ ಪತ್ರದಲ್ಲಿ ನಿರೀಕ್ಷೆಯನ್ನು ಹಡಗಿನ ಲಂಗರಿಗೆ ಹೋಲಿಸಿದ್ದಾರೆ. ರೋಮಿನ ನೆಲಮಾಳಿಗೆ ಸಮಾಧಿಗಳಲ್ಲಿ ಮೊದಲ ಶತಮಾನಗಳ ಕ್ರೈಸ್ತರು ಲಂಗರಿನ ಚಿತ್ರ ಕೆತ್ತಿದ್ದು ಅದಕ್ಕೇ. ನಾವು ಬಯಲುಸೀಮೆಯವರು, ಲಂಗರು ಕಂಡವರಲ್ಲ. ಆದರೆ ಬಾವಿಯ ಹಗ್ಗ ನಮಗೆ ಗೊತ್ತು. ಕೊಡ ಕೆಳಗೆ ಕತ್ತಲಲ್ಲಿದೆ, ನೀರು ಕಾಣುವುದಿಲ್ಲ, ಹಗ್ಗ ಮಾತ್ರ ಕೈಯಲ್ಲಿದೆ. ಆ ಹಗ್ಗ ನಿರೀಕ್ಷೆ. ಈಗ ಬಾವಿಗೆ ಇಳಿದವನ ಜಾಗದಲ್ಲಿ ನಿಂತು ಯೋಚಿಸಿ. ಅವನು ಹಗ್ಗ ಎಷ್ಟು ದಪ್ಪ ಇದೆ ಅಂತ ನೋಡುವುದಕ್ಕಿಂತ ಮೊದಲು, ಮೇಲೆ ಅದನ್ನು ಹಿಡಿದಿರುವವರು ಯಾರು ಅಂತ ಕೇಳುತ್ತಾನೆ. ಅದು ಭರವಸೆ.

ಇದನ್ನೇ 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಬಹಳ ಶಿಸ್ತಾಗಿ ಬಿಡಿಸಿ ಇಟ್ಟಿದ್ದಾರೆ. ನಾವು ಯಾವುದನ್ನಾದರೂ ನಿರೀಕ್ಷಿಸಬೇಕಾದರೆ ಅದು ಒಳ್ಳೆಯದಾಗಿರಬೇಕು, ಕೆಟ್ಟದಕ್ಕೆ ನಾವು ಹೆದರುತ್ತೇವೆಯೇ ಹೊರತು ನಿರೀಕ್ಷಿಸುವುದಿಲ್ಲ. ಅದು ಇನ್ನೂ ಬರಬೇಕಾದದ್ದಾಗಿರಬೇಕು, ಕೈಯಲ್ಲಿರುವುದನ್ನು ಯಾರೂ ನಿರೀಕ್ಷಿಸುವುದಿಲ್ಲ. ಅದು ಕಷ್ಟಸಾಧ್ಯವಾಗಿರಬೇಕು. ಆದರೂ ಸಾಧ್ಯವಿರಬೇಕು. ಈ ಕೊನೆಯ ಮಾತಿನಲ್ಲೇ ವಿಷಯ ಇರುವುದು. ಸಾಧ್ಯ ಅಂದರೆ ಯಾರಿಂದ? ಒಂದೋ ನನ್ನ ಸ್ವಂತ ಶಕ್ತಿಯಿಂದ, ಇಲ್ಲವೇ ಬೇರೆಯವರ ನೆರವಿನಿಂದ. ಬೇರೆಯವರ ನೆರವಿನಿಂದ ಅಂದ ಕೂಡಲೇ ಆ ಬೇರೆಯವರು ನಂಬಿಕಸ್ತರೋ ಅಲ್ಲವೋ ಅನ್ನುವ ಪ್ರಶ್ನೆ ಏಳುತ್ತದೆ. ಹಾಗಾಗಿ ಭರವಸೆ ಅಂದರೆ, ಸಹಾಯ ಮಾಡುತ್ತೇನೆಂದವರ ಮಾತನ್ನು ನಂಬಿದ್ದರಿಂದ ಗಟ್ಟಿಯಾದ ನಿರೀಕ್ಷೆ ಎಂಬ ಅರ್ಥದಲ್ಲಿ ಅವರು ವಿವರಿಸುತ್ತಾರೆ. ನಿರೀಕ್ಷೆ ಹಸಿ ಮಣ್ಣಿನ ಮಡಕೆ ಇದ್ದ ಹಾಗೆ, ಭರವಸೆಯ ಆವಿಗೆಯಲ್ಲಿ ಸುಟ್ಟ ಮೇಲೆ ನೀರು ಹಿಡಿಯುತ್ತದೆ. (ಇದು ಸಂತ ಥಾಮಸರ ಹೋಲಿಕೆ ಅಲ್ಲ, ನನ್ನದು. ಅವರ ಮೇಲೆ ಹಾಕಬೇಡಿ.)

1992ರಲ್ಲಿ ಪ್ರಕಟವಾದ ನಮ್ಮ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1817ನೇ ಪರಿಚ್ಛೇದ ತೆಗೆದು ನೋಡಿದರೆ ಇದು ಮತ್ತೂ ಸ್ಪಷ್ಟವಾಗುತ್ತದೆ. ನಿರೀಕ್ಷೆ ಎಂಬ ಸದ್ಗುಣ ಏನೆಂದು ಹೇಳುವಾಗಲೇ, ಕ್ರಿಸ್ತರ ವಾಗ್ದಾನದಲ್ಲಿ ಭರವಸೆ ಇಡುವುದನ್ನೂ, ಸ್ವಂತ ಬಲಕ್ಕಲ್ಲದೆ ಪವಿತ್ರಾತ್ಮರ ಕೃಪೆಗೆ ಒರಗಿಕೊಳ್ಳುವುದನ್ನೂ ಅದರ ಒಳಗೇ ಸೇರಿಸಿದ್ದಾರೆ. ಭರವಸೆಯನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ಆಸೆ, ಇಲ್ಲವೇ ಲೆಕ್ಕಾಚಾರ. 2025ರ ಜೂಬಿಲಿ ವರ್ಷಕ್ಕಾಗಿ ಪೋಪ್ ಫ್ರಾನ್ಸಿಸ್‌ರವರು 2024ರ ಮೇ 9ರಂದು ಹೊರಡಿಸಿದ ಪತ್ರದ ಶೀರ್ಷಿಕೆಯನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದ 5ನೇ ಅಧ್ಯಾಯದಿಂದ ತೆಗೆದುಕೊಂಡಿದ್ದರು. ನಿರೀಕ್ಷೆ ನಮ್ಮನ್ನು ತಲೆತಗ್ಗಿಸುವಂತೆ ಮಾಡುವುದಿಲ್ಲ ಎಂಬುದು ಅದರ ಭಾವ. ಯಾಕೆ ಮಾಡುವುದಿಲ್ಲ? ಕೇಳಿದ್ದೆಲ್ಲಾ ಸಿಗುತ್ತೆ ಅಂತ ಪೌಲರು ಕಾರಣ ಕೊಡುವುದಿಲ್ಲ. ದೇವರ ಪ್ರೀತಿ ನಮ್ಮ ಹೃದಯದಲ್ಲಿ ಸುರಿಯಲ್ಪಟ್ಟಿದೆ ಎಂದು ಕಾರಣ ಕೊಡುತ್ತಾರೆ. ಅಂದರೆ ಕಾರಣ ಇರುವುದು ಕೊಡುವವರಲ್ಲಿ, ಕೊಡುವ ವಸ್ತುವಿನಲ್ಲಲ್ಲ.

ಪಕ್ಕದ ಮನೆ ಅಕ್ಕನ 'ನಂಬಿಕೆ'ಯ ವಿಚಾರ ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ನಾವು ವಿಶ್ವಾಸ ಎನ್ನುವ ಕಡೆ ಪ್ರಾಟೆಸ್ಟೆಂಟ್ ಸಹೋದರರ ಕನ್ನಡ ಬೈಬಲಿನಲ್ಲಿ ನಂಬಿಕೆ ಎಂದಿದೆ. ಮಾರ್ಟಿನ್ ಲೂಥರ್‌ರವರು ವಿಶ್ವಾಸದ ತಿರುಳೇ ಭರವಸೆ ಎಂದು ಒತ್ತಿ ಹೇಳಿದರು. 1547ರಲ್ಲಿ ಟ್ರೆಂಟ್ ಮಹಾಸಭೆಯು, ನಾನು ರಕ್ಷಣೆ ಹೊಂದಿಯೇ ಬಿಟ್ಟೆ ಎಂಬ ಟೊಳ್ಳು ಧೈರ್ಯ ಸಲ್ಲದು, ಆದರೆ ದೇವರ ನೆರವಿನಲ್ಲಿ ಎಲ್ಲರೂ ದೃಢ ನಿರೀಕ್ಷೆ ಇಡಲೇಬೇಕು ಎಂದಿತು. ಶತಮಾನಗಳ ಜಗಳ ನಡೆಯಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಕೂತು, ಮೂಲ ಸತ್ಯಗಳಲ್ಲಿ ನಮಗೆ ಒಮ್ಮತವಿದೆ ಎಂದು ಸಹಿ ಹಾಕಿದರು. ಆದ್ದರಿಂದ ಅಕ್ಕನ ಜೊತೆ ಜಗಳ ಬೇಡ.

ಈಗ ನನಗೆ ಬಹಳ ಇಷ್ಟವಾದ ಕಥೆಗೆ ಬರುತ್ತೇನೆ. ಪ್ರವಾದಿ ಯೆರೆಮೀಯ ಜಮೀನು ಕೊಂಡ ಕಥೆ, ಅವನ ಗ್ರಂಥದ 32ನೇ ಅಧ್ಯಾಯ. ನಮ್ಮ ಕೆಲಸದಲ್ಲಿ ಪಹಣಿ, ಖಾತೆ, ಸಾಕ್ಷಿ ಸಹಿ ಅಂತ ತಾಲ್ಲೂಕು ಕಚೇರಿ ಸುತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಕ್ರಿ.ಪೂ. 588ರ ಆಸುಪಾಸು. ಚಿದ್ಕೀಯ ಅರಸನ ಹತ್ತನೆಯ ವರ್ಷ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿದೆ. ನಗರ ಬೀಳುತ್ತದೆ ಎಂದು ನಿಜ ಹೇಳಿದ ತಪ್ಪಿಗೆ ಯೆರೆಮೀಯನನ್ನು ಅರಮನೆಯ ಕಾವಲಂಗಳದಲ್ಲಿ ಕೂಡಿಹಾಕಿದ್ದಾರೆ. ಆಗ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, "ಅನಾತೋತಿನಲ್ಲಿರುವ ನನ್ನ ಹೊಲ ನೀನು ಕೊಂಡುಕೋ, ವಂಶದ ಹಕ್ಕು ನಿನ್ನದು" ಎನ್ನುವ ಅರ್ಥದಲ್ಲಿ ಕೇಳುತ್ತಾನೆ. ಯೋಚಿಸಿ ನೋಡಿ. ಅನಾತೋತ್ ಇರುವುದು ಜೆರುಸಲೇಮಿನಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ. ಸುತ್ತಮುತ್ತ ಶತ್ರು ಸೈನ್ಯ. ಜೊತೆಗೆ, ಅದು ಯೆರೆಮೀಯನ ಹುಟ್ಟೂರು, ಆದರೆ ಇದೇ ಊರಿನವರು ಹಿಂದೊಮ್ಮೆ ಅವನನ್ನು ಕೊಲ್ಲಲು ಸಂಚು ಮಾಡಿದ್ದರು. ಕೊಳ್ಳುವವನು ಜೈಲಿನಲ್ಲಿ, ಹೊಲ ವೈರಿಗಳ ಕಾಲಡಿಯಲ್ಲಿ, ಊರಿನವರು ಅವನ ಜೀವಕ್ಕೆ ಸಂಚಕಾರ ತಂದವರು. ನಮ್ಮೂರಿನ ಯಾವ ದಲ್ಲಾಳಿಯೂ ಇಂಥ ವ್ಯವಹಾರ ಮಾಡಿಸಲಾರ!

ಯೆರೆಮೀಯ ಕೊಂಡುಕೊಳ್ಳುತ್ತಾನೆ. ಹದಿನೇಳು ಶೆಕೆಲ್ ಬೆಳ್ಳಿ, ಇಂದಿನ ತೂಕದಲ್ಲಿ ಸುಮಾರು 200 ಗ್ರಾಂ. ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಕ್ರಯಪತ್ರ ಬರೆದು ಸಹಿ ಮಾಡಿ, ಮುದ್ರೆ ಹಾಕಿ, ಸಾಕ್ಷಿಗಳ ಸಹಿ ಹಾಕಿಸುತ್ತಾನೆ. ಎರಡು ಪ್ರತಿ, ಒಂದು ಮುದ್ರೆ ಒತ್ತಿದ್ದು, ಇನ್ನೊಂದು ತೆರೆದಿದ್ದು. ಎಲ್ಲರ ಎದುರಿಗೆ ಬಾರೂಕನ ಕೈಗೆ ಕೊಟ್ಟು, ಇವು ಬಹಳ ಕಾಲ ಉಳಿಯುವ ಹಾಗೆ ಮಣ್ಣಿನ ಗಡಿಗೆಯಲ್ಲಿಡು ಎನ್ನುತ್ತಾನೆ. ಈ ದೇಶದಲ್ಲಿ ಜನ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ದಿನ ಬರುತ್ತದೆ ಎಂಬ ದೇವರ ಮಾತಿಗೆ ಆ ಗಡಿಗೆಯೇ ಗುರುತು.

ಇಲ್ಲಿ ನಾವು ಅವಸರ ಮಾಡದೆ ಸ್ವಲ್ಪ ನಿಲ್ಲಬೇಕು. ಇದೇ ಯೆರೆಮೀಯನೇ 17ನೇ ಅಧ್ಯಾಯದಲ್ಲಿ ಮನುಷ್ಯರ ಮೇಲೆ ಮಾತ್ರ ಭರವಸೆ ಇಡುವವರ ಬಾಳು ಒಣಭೂಮಿಯ ಗಿಡದಂತೆ ಎಂದು ಕಟುವಾಗಿ ಹೇಳಿದವನು. ಆದರೂ ಹೊಲ ಕೊಳ್ಳುವಾಗ, "ದೇವರಿದ್ದಾನೆ ಬಿಡು, ಕಾಗದ ಯಾಕೆ?" ಅನ್ನಲಿಲ್ಲ. ತಕ್ಕಡಿ ಬೇಕು, ಸಾಕ್ಷಿ ಬೇಕು, ಎರಡು ಪ್ರತಿ ಬೇಕು ಎಂದ. ದೇವರಲ್ಲಿ ಭರವಸೆ ಇಟ್ಟವನು ರಸೀದಿಯನ್ನು ಎಸೆಯುವುದಿಲ್ಲ. ಸಂಘದ ಪುಸ್ತಕ ಬರೆಯದೆ ಕೂತ ನಮ್ಮ ಕೆಲವು ಕಾರ್ಯಕರ್ತರಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಹೊಲ ಕೊಂಡ ಮೇಲೆ ಅವನು ಏನು ಮಾಡಿದ? ದೇವರ ಹತ್ತಿರ ಹೋಗಿ ಗೊಂದಲ ತೋಡಿಕೊಂಡ. ನಗರ ಶತ್ರುಗಳ ಕೈಗೆ ಹೋಗುತ್ತಿದೆ, ಮುತ್ತಿಗೆಯ ದಿಬ್ಬಗಳು ಗೋಡೆಗೆ ತಾಗಿವೆ, ನೀವೇ ಮಾಡಿದ್ದು, ಆದರೂ ನನಗೆ ಹೊಲ ಕೊಳ್ಳು ಅಂತೀರಲ್ಲಾ ಎಂದು. ಗಮನಿಸಿ, ಈ ಪ್ರಶ್ನೆ ಬಂದದ್ದು ದುಡ್ಡು ಕೊಟ್ಟ ನಂತರ. ಅನುಮಾನವೆಲ್ಲ ತೀರಿದ ಮೇಲೆ ಭರವಸೆ ಇಡುತ್ತೇನೆ ಅಂತ ಅವನು ಕಾಯಲಿಲ್ಲ. ಪ್ರಶ್ನೆ ಇಟ್ಟುಕೊಂಡೇ ಬೆಳ್ಳಿ ತೂಗಿದ. ಆ ಪ್ರಶ್ನೆಯನ್ನು ಊರಿನವರ ಹತ್ತಿರ ಗೊಣಗಲಿಲ್ಲ, ಯಾರ ಮಾತು ನಂಬಿದ್ದನೋ ಅವರ ಹತ್ತಿರವೇ ಹೋಗಿ ಕೇಳಿದ.

ಇದಕ್ಕೆ ಎದುರಾಗಿ ಇನ್ನೊಬ್ಬ ಪ್ರವಾದಿಯನ್ನು ನೋಡಿ, 28ನೇ ಅಧ್ಯಾಯದ ಹನನ್ಯ. ಜನ ಕೇಳಬೇಕೆಂದಿದ್ದ ಮಾತನ್ನೇ ಹೇಳಿದವನು. ಇನ್ನೆರಡೇ ವರ್ಷ, ದೇವಾಲಯದ ಪಾತ್ರೆಗಳೂ ಸೆರೆಹೋದವರೂ ವಾಪಸ್ ಬರುತ್ತಾರೆ ಅಂತ ಘೋಷಣೆ. ಚಪ್ಪಾಳೆ ಬಿದ್ದಿರಬೇಕು. ಯೆರೆಮೀಯ ಕೂಡ ಮೊದಲು ಆಮೆನ್, ಹಾಗೇ ಆಗಲಿ ಎಂದ. ಅವನಿಗೂ ಅದೇ ಆಸೆ ಇತ್ತು. ಆದರೆ ಅದು ದೇವರ ಮಾತಲ್ಲ ಎಂದೂ ಹೇಳಿದ. ಹನನ್ಯ ಅದೇ ವರ್ಷ ತೀರಿಕೊಂಡ, ಎರಡು ವರ್ಷದಲ್ಲಿ ಯಾರೂ ಬರಲಿಲ್ಲ. ಹನನ್ಯನ ಹತ್ತಿರ ನಿರೀಕ್ಷೆ ಬೇಕಾದಷ್ಟಿತ್ತು. ಅದನ್ನು ಹಿಡಿದಿರುವ ಕೈ ಇರಲಿಲ್ಲ.

ಯೆರೆಮೀಯನ ಹೊಲ ಏನಾಯಿತು ಅಂತ ನೀವು ಕೇಳಬಹುದು. ಕ್ರಿ.ಪೂ. 587ರ ಸುಮಾರಿಗೆ ನಗರ ಬಿತ್ತು, ದೇವಾಲಯ ಸುಟ್ಟಿತು. ಉಳಿದ ಜನ ಅವನನ್ನು ಇಷ್ಟವಿಲ್ಲದಿದ್ದರೂ ಈಜಿಪ್ಟಿಗೆ ಕರೆದುಕೊಂಡು ಹೋದರು. ಪವಿತ್ರ ಗ್ರಂಥ ಅವನನ್ನು ಕಡೆಯದಾಗಿ ತೋರಿಸುವುದು ಅಲ್ಲೇ. ಆ ಹೊಲದಲ್ಲಿ ಅವನು ಒಂದು ಸಾಲು ಉತ್ತದ್ದಾಗಲಿ, ಒಂದು ಮುಷ್ಟಿ ಕಾಳು ಬೆಳೆದದ್ದಾಗಲಿ ಗ್ರಂಥದಲ್ಲಿ ಎಲ್ಲೂ ಇಲ್ಲ. ಆದರೆ ಎಜ್ರನ ಗ್ರಂಥದ 2ನೇ ಅಧ್ಯಾಯ ಓದಿ. ಸೆರೆಯಿಂದ ಮರಳಿದವರ ಪಟ್ಟಿ ಇದೆ, ಓದಲು ಬೇಸರ ತರಿಸುವ ಪಟ್ಟಿ. ಅದರ ನಡುವೆ ಒಂದು ಸಾಲಿನಲ್ಲಿ ಅನಾತೋತಿನವರ ಲೆಕ್ಕ ಇದೆ: 128 ಮಂದಿ. ಆ 128ರ ಮುಂದೆ ನಾನು ಪ್ರತಿ ಸಲ ನಿಲ್ಲುತ್ತೇನೆ.

ಸಂತ ಥಾಮಸರು ನಿರೀಕ್ಷೆಗೆ ಎರಡು ಕಡೆ ಹಳ್ಳ ಇದೆ ಅನ್ನುತ್ತಾರೆ. ಒಂದು ಹತಾಶೆ, ಇನ್ನೊಂದು ಅತಿಭರವಸೆ. ನಮ್ಮ ಕೆಲಸದಲ್ಲಿ ಎರಡನ್ನೂ ಒಂದೇ ಮನೆಯಲ್ಲಿ ಕಂಡಿದ್ದೇನೆ. ಐದು ಫೈನಾನ್ಸ್ ಕಂಪನಿಗಳಲ್ಲಿ ಸಾಲ, ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ. "ಹೇಗೋ ಆಗುತ್ತೆ ಬಿಡಿ, ದೇವರು ನಡೆಸ್ತಾನೆ." ಇದು ದೇವರಲ್ಲಿ ಭರವಸೆ ಅಲ್ಲ, ದೇವರನ್ನು ಜಾಮೀನಿಗೆ ಹಾಕುವುದು. ಆರು ತಿಂಗಳ ನಂತರ ಅದೇ ಮನೆಯಲ್ಲಿ, "ಇನ್ನೇನೂ ಆಗಲ್ಲ." ಬಾಗಿಲಿಗೆ ಬಂದು ಕೂತ ವಸೂಲಿಗಾರರು, ಊರು ಬಿಟ್ಟ ಕುಟುಂಬಗಳು, ಪ್ರಾಣ ಕಳೆದುಕೊಂಡವರು. 2025ರ ಫೆಬ್ರವರಿಯಲ್ಲಿ ಇಂಥ ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಪ್ರಾಣ ಕಳೆದುಕೊಂಡವರ ಮನೆಗೆ ಹೋದಾಗ ದಯವಿಟ್ಟು ಯಾರೂ ಪಾಪದ ಲೆಕ್ಕ ಹೇಳಬೇಡಿ. ಅಂಥವರ ಶಾಶ್ವತ ರಕ್ಷಣೆಯ ಬಗ್ಗೆ ನಾವು ನಿರೀಕ್ಷೆ ಕಳೆದುಕೊಳ್ಳಬಾರದು ಎಂದು ಧರ್ಮೋಪದೇಶ ಗ್ರಂಥವೇ 2283ನೇ ಪರಿಚ್ಛೇದದಲ್ಲಿ ಹೇಳುತ್ತದೆ. ಸತ್ತವರಿಗೆ ನಿರೀಕ್ಷಿಸಲು ಶಕ್ತಿ ಇರಲಿಲ್ಲ, ಅವರ ಪರವಾಗಿ ನಾವು ನಿರೀಕ್ಷಿಸುತ್ತೇವೆ.

ಆಮೇಲೆ ಹೇಳುತ್ತೇನೆ ಎಂದ ಇನ್ನೊಂದು ಕಾರಣ ಈಗ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹಳಬರಿಗೆ ಗೊತ್ತಿದೆ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಸಂಘದ ತಾಯಂದಿರಿಗೆ ನಾನು ಮಾತು ಕೊಟ್ಟಿದ್ದೆ: "ಯುಗಾದಿ ಹೊತ್ತಿಗೆ ನಿಮ್ಮೂರಿಗೆ ಬಾವಿ ಆಗುತ್ತೆ." ಅರ್ಜಿ ಹೋಗಿತ್ತು, ಒಳ್ಳೆಯ ಉತ್ತರವೂ ಬಂದಿತ್ತು. ಹನನ್ಯನ ಹಾಗೆ ನಾನೂ ತಾರೀಖು ಹಾಕಿಬಿಟ್ಟೆ. ಹಣ ಮಂಜೂರಾಗಲಿಲ್ಲ. ಅದು ಯಾರ ತಪ್ಪೂ ಅಲ್ಲ, ಅರ್ಜಿಗಳಲ್ಲಿ ಎಷ್ಟೋ ಹೀಗಾಗುತ್ತವೆ. ತಪ್ಪು ಅದರ ನಂತರ ನಡೆದದ್ದು. ಹೋಗಿ ಹೇಳಬೇಕಿತ್ತು, ಹೋಗಲಿಲ್ಲ. ಇವತ್ತು ನಾಳೆ ಅಂತ ಐದು ತಿಂಗಳು ಆ ಹಳ್ಳಿಗೆ ಕಾಲಿಡಲಿಲ್ಲ. ಜೀಪು ಆ ಕ್ರಾಸ್ ದಾಟುವಾಗ ನಾನು ಇನ್ನೊಂದು ಪಕ್ಕಕ್ಕೆ ನೋಡುತ್ತಿದ್ದೆ. ಬೇರೆ ದಾನಿಗಳು ಸಿಕ್ಕಿದ ಮೇಲೆ ಹೋಗೋಣ, ಬರಿಗೈಲಿ ಹೇಗೆ ಹೋಗುವುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಕೊನೆಗೆ ಸಿಸ್ಟರ್ ಒಬ್ಬರು ಬೈದು ಕಳಿಸಿದರು. ಹೋದೆ. ಸಂಘದ ಮನೆಯ ಜಗಲಿಯಲ್ಲಿ ಏಳು ಜನ ಕೂತಿದ್ದರು, ಮೊದಲು ಹದಿನೆಂಟು ಜನ ಇದ್ದ ಸಂಘ. ನಾನು ಬಾವಿಯ ಕಥೆ ಶುರು ಮಾಡಿದೆ, ಅರ್ಜಿ, ಕಚೇರಿ, ಪತ್ರ ಅಂತ. ಒಬ್ಬ ಅಜ್ಜಿ ನಡುವೆ ತಡೆದು ಕೇಳಿದರು: "ನೀರು ಬರ್ದಿದ್ರೆ ಹೋಗ್ಲಿ ಸ್ವಾಮಿ. ನೀರಿಲ್ದೆ ಇರೋದು ನಮಗೇನ್ ಹೊಸದಾ? ನೀವ್ಯಾಕೆ ಬರ್ಲಿಲ್ಲ?"

ಸೆಮಿನರಿಯಲ್ಲಿ ಪುಸ್ತಕ ಇಟ್ಟುಕೊಂಡು ಕಲಿತದ್ದು ಆ ಜಗಲಿಯ ಮೇಲೆ ನನಗೆ ಅರ್ಥವಾಯಿತು. ನಾನು ಅವರ ನಿರೀಕ್ಷೆಗೆ ಪೆಟ್ಟಾಗಿದೆ ಅಂದುಕೊಂಡಿದ್ದೆ. ಅದನ್ನು ಅವರು ತಡೆದುಕೊಂಡಿದ್ದರು. ನಾನು ಮುರಿದದ್ದು ಭರವಸೆಯನ್ನು. ಹನ್ನೊಂದು ಜನ ಉಳಿತಾಯ ಕಟ್ಟುವುದನ್ನು ಯಾಕೆ ನಿಲ್ಲಿಸಿದರು ಅಂತ ಕೇಳಿದಾಗ ಸಂಘದ ಅಧ್ಯಕ್ಷೆ ನೆಲ ನೋಡುತ್ತಾ ಹೇಳಿದರು: "ಸ್ವಾಮ್ಯೋರೇ ಬರ್ಲಿಲ್ಲ ಅಂದ್ಮೇಲೆ ಈ ದುಡ್ಡು ಎಲ್ಲಿಗೆ ಹೋಗುತ್ತೋ ಅಂತ ಹೆದರ್ಕಂಡ್ರು." ಉಳಿತಾಯ ನಿಂತಿದ್ದರಿಂದ ಒಳಸಾಲ ಕೊಡಲು ದುಡ್ಡಿರಲಿಲ್ಲ. ಆ ವರ್ಷ ಒಬ್ಬ ಹುಡುಗಿ ಪಿ.ಯು.ಸಿ.ಗೆ ಸೇರಲಿಲ್ಲ. ಅವಳು ಈಗ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಅವಳು ನನ್ನನ್ನು ದೂರುವುದಿಲ್ಲ, ಹಬ್ಬಕ್ಕೆ ಬಂದಾಗ ನಮಸ್ಕಾರ ಹೇಳುತ್ತಾಳೆ. ಪಾಪನಿವೇದನೆ ಮಾಡಿದ್ದೇನೆ, ಕ್ಷಮೆಯೂ ಸಿಕ್ಕಿದೆ. ಆದರೆ ಆ ಎರಡು ವರ್ಷದ ಓದನ್ನು ನಾನು ಅವಳಿಗೆ ವಾಪಸ್ ಕೊಡಲು ಆಗುವುದಿಲ್ಲ.

ಮನುಷ್ಯರ ಮೇಲೆ ನಿರೀಕ್ಷೆ ಇಡಬಹುದೇ ಎಂದು ಸಂತ ಥಾಮಸರು ಕೇಳಿಕೊಂಡು, ಇಡಬಹುದು, ಆದರೆ ಮೂಲ ಕಾರಣವಾಗಿ ಅಲ್ಲ, ದೇವರ ಕೈಯಲ್ಲಿರುವ ಉಪಕರಣವಾಗಿ ಎಂದು ಉತ್ತರ ಕೊಡುತ್ತಾರೆ. ಕೇಳುವಾಗ ನಮಗೆ ಹಗುರ ಅನಿಸುತ್ತದೆ, ನಾವು ಬರೀ ಉಪಕರಣ ತಾನೇ ಅಂತ. ಆದರೆ ಆ ಹಳ್ಳಿಯ ಬಡ ತಾಯಿಗೆ ದೇವರ ಮುಖ ಹೇಗಿದೆ ಅಂತ ಮೊದಲು ಗೊತ್ತಾಗುವುದು ಉಪಕರಣದಿಂದಲೇ. ನಾನು ಐದು ತಿಂಗಳು ಹೋಗದಿದ್ದಾಗ ಅವರು ದೇವರ ಬಗ್ಗೆ ಏನು ಕಲಿತರು? ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಎಮ್ಮಾವುಸಿನ ದಾರಿಯಲ್ಲಿ ಹೋಗುತ್ತಿದ್ದ ಆ ಇಬ್ಬರು ಶಿಷ್ಯರು ನನಗೆ ಆಗಿನಿಂದ ಬೇರೆ ರೀತಿ ಕಾಣುತ್ತಾರೆ. ಲೂಕನ ಶುಭಸಂದೇಶದ 24ನೇ ಅಧ್ಯಾಯ. ಜೆರುಸಲೇಮಿನಿಂದ ಸುಮಾರು 11 ಕಿಲೋಮೀಟರ್. ಕ್ಲೆಯೋಫನು ಆ ಅಪರಿಚಿತರಿಗೆ ತಮ್ಮ ನಿರೀಕ್ಷೆಯ ಬಗ್ಗೆ ಹೇಳುವುದು ಭೂತಕಾಲದಲ್ಲಿ. ಇಸ್ರಯೇಲನ್ನು ಬಿಡಿಸುವವರು ಇವರೇ ಅಂದುಕೊಂಡಿದ್ದೆವು, ಮುಗಿಯಿತು ಎಂಬ ಧಾಟಿ. ಯೇಸುಸ್ವಾಮಿ ಆಗ ಏನು ಮಾಡಿದರು? ನಿಮ್ಮ ನಿರೀಕ್ಷೆ ಈಡೇರಿದೆ ನೋಡಿ ಅಂತ ಥಟ್ಟನೆ ತೋರಿಸಲಿಲ್ಲ. ಜೊತೆಗೆ ನಡೆದರು. ಅವರು ಹೋಗುತ್ತಿದ್ದದ್ದು ತಪ್ಪು ದಿಕ್ಕಿಗೆ, ಆದರೂ ಅದೇ ದಿಕ್ಕಿಗೆ ಸಂಜೆಯವರೆಗೆ ನಡೆದರು. ರೊಟ್ಟಿ ಮುರಿಯುವ ಹೊತ್ತಿಗೆ ಅವರಿಗೆ ಗುರುತು ಸಿಕ್ಕಿತು. ಮೊದಲು ಬಂದವರು ವ್ಯಕ್ತಿ. ನಿರೀಕ್ಷೆ ಆ ರಾತ್ರಿಯೇ ಜೆರುಸಲೇಮಿನ ಕಡೆ ಎದ್ದು ನಡೆಯಿತು.

ಇನ್ನೊಬ್ಬರ ವಿಷಯ ಹೇಳಿ ನಿಲ್ಲಿಸುತ್ತೇನೆ. ವಿಯೆಟ್ನಾಂನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಕ್ಸೇವಿಯರ್ ವಾನ್ ಥುವಾನ್‌ರವರು. ನ್ಯಾಟ್ರಾಂಗ್ ಎಂಬ ಧರ್ಮಪ್ರಾಂತ್ಯದಲ್ಲಿ ಎಂಟು ವರ್ಷ ದುಡಿದವರು. 1975ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಹಬ್ಬದ ದಿನವೇ, ಅವರ ಬಂಧನವಾಯಿತು. ಹದಿಮೂರು ವರ್ಷ ಸೆರೆ, ಅದರಲ್ಲಿ ಒಂಬತ್ತು ವರ್ಷ ಏಕಾಂತ ಸೆರೆ. 2007ರಲ್ಲಿ ನಿರೀಕ್ಷೆಯ ಬಗ್ಗೆ ವಿಶ್ವಪತ್ರ ಬರೆದ ಪೋಪ್ 16ನೇ ಬೆನೆಡಿಕ್ಟ್‌ರವರೂ ಇವರನ್ನು ಸ್ಮರಿಸಿದ್ದಾರೆ. ಕೈಯ ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು ಇಟ್ಟುಕೊಂಡು ಬಲಿಪೂಜೆ ಅರ್ಪಿಸುತ್ತಿದ್ದರಂತೆ. ಸೆರೆಯಲ್ಲಿ ಅವರನ್ನು ಹಿಂಡಿದ್ದು ಹಸಿವು ಮಾತ್ರ ಅಲ್ಲ. ತಾನು ಶುರು ಮಾಡಿದ ಕೆಲಸಗಳೆಲ್ಲ, ತರಬೇತಿಗಳು, ಸೆಮಿನರಿ, ಯುವಕರ ಸಂಘಟನೆ, ಎಲ್ಲಾ ಅರ್ಧಕ್ಕೆ ನಿಂತವು ಎನ್ನುವ ಸಂಕಟ. ಒಂದು ರಾತ್ರಿ ಅವರಿಗೆ ಹೊಳೆಯಿತು: ದೇವರೇ ಬೇರೆ, ದೇವರ ಕೆಲಸಗಳೇ ಬೇರೆ. ನಾನು ಆರಿಸಿಕೊಳ್ಳಬೇಕಾದದ್ದು ದೇವರನ್ನು. ಕೆಲಸಗಳನ್ನು ದೇವರು ಬೇರೆಯವರ ಕೈಗೆ ಕೊಡಬಲ್ಲರು. 1988ರ ನವೆಂಬರಿನಲ್ಲಿ ಅವರ ಬಿಡುಗಡೆಯಾಯಿತು. 2001ರಲ್ಲಿ ಕಾರ್ಡಿನಲ್ ಆದರು, ಮರುವರ್ಷ ತೀರಿಕೊಂಡರು.

ಯೋಜನೆ, ವರದಿ, ಗುರಿ, ಮೂರು ವರ್ಷದ ಫಲಿತಾಂಶ ಎಂದು ಓಡಾಡುವ ನಮಗೆ ಇದು ಕಹಿ ಗುಳಿಗೆ. ನನಗಂತೂ ಇನ್ನೂ ಪೂರ್ತಿ ಇಳಿದಿಲ್ಲ. ಗುರಿ ಬೇಡ ಅಂತಲ್ಲ. ಅಜ್ಜಿಗೆ ನೀರು ಬೇಕೇ ಬೇಕು, ನೀರು ಕೊಡದೆ ಬರೀ ಭೇಟಿ ಕೊಟ್ಟು ಬಂದರೆ ಸಾಕು ಅನ್ನುವವರು ಒಂದು ಬೇಸಿಗೆ ಆ ಹಳ್ಳಿಯಲ್ಲಿ ಕೊಡ ಹೊರಬೇಕು.

ಆ ಹಳ್ಳಿಗೆ ಈಗ ಪಂಚಾಯ್ತಿಯ ಕೊಳವೆಬಾವಿ ಇದೆ. ವರ್ಷದಲ್ಲಿ ನಾಲ್ಕೈದು ತಿಂಗಳು ನೀರು ಬರುತ್ತದೆ, ಉಳಿದಂತೆ ಟ್ಯಾಂಕರ್. ತೆರೆದ ಬಾವಿಗೆ ಮತ್ತೆ ಅರ್ಜಿ ಹಾಕಿದ್ದೇವೆ, ಈ ಸಲ ನಾನು ತಾರೀಖು ಹೇಳಿಲ್ಲ. ಸಂಘ ಬಿಟ್ಟ ಹನ್ನೊಂದು ಜನರಲ್ಲಿ ಆರು ಜನ ವಾಪಸ್ ಬಂದಿದ್ದಾರೆ. ಐದು ಜನ ಬಂದಿಲ್ಲ. ತಿಂಗಳ ಮೊದಲ ಮಂಗಳವಾರ ನಾನು ಹೋಗುತ್ತೇನೆ, ಹೇಳಲು ಸುದ್ದಿ ಇದ್ದರೂ ಹೋಗುತ್ತೇನೆ, ಇಲ್ಲದಿದ್ದರೂ ಹೋಗುತ್ತೇನೆ. ಅಜ್ಜಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಜೀಪಿನ ಸದ್ದು ಕೇಳಿಯೇ ಚಾಪೆ ಹಾಸುತ್ತಾರೆ. ಮುಂದಿನ ಮಂಗಳವಾರ ಯಾರಾದರೂ ಜೊತೆಗೆ ಬರುವುದಾದರೆ ಬೆಳಗ್ಗೆ ಏಳಕ್ಕೆ ಕಚೇರಿ ಮುಂದಿನಿಂದ ಜೀಪು ಹೊರಡುತ್ತದೆ, ಹಿಂದೆ ಮೂರು ಜನಕ್ಕೆ ಜಾಗ ಇದೆ.

ಈಗ ಟೀ ಬಂದಿದೆ. ಪ್ರಶ್ನೆಗಳಿದ್ದರೆ ಅಲ್ಲಿ ಕೇಳಿ, ಈ ಸಲ ಸಾಲಿನಲ್ಲಿ ನಿಂತೇ ಸರಿಯಾಗಿ ಉತ್ತರ ಕೊಡಲು ಪ್ರಯತ್ನಿಸುತ್ತೇನೆ.